ಕಾದ ಎರಕಕ್ಕೆ ತಣ್ಣೀರು

ಬ್ಲಾಕು ಇಷ್ಟು ಭಾರವಾಗಿರುವುದೇ ಒಳ್ಳೆಯದಾಯಿತು ಎಂದು ಅವನಿಗೆ ಅನ್ನಿಸಿತು. ಭಾರ ಇಳಿಸುವಾಗ ಯಾರೂ ಬೇರೆ ಮಾತೆತ್ತುವುದಿಲ್ಲ. ವ್ಯಾನಿನ ಹಿಂಬಾಗಿಲಿಗೆ ಹಲಗೆ ಕೊಟ್ಟು, ಚಾಲಕ ಒಂದು ಕಡೆ ತಾನೊಂದು ಕಡೆ ಹಿಡಿದು, ಹಳೆಯ ಕಾರಿನ ಇಂಜಿನ್ನಿನ ಆ ಎರಕದ ಗಡ್ಡೆಯನ್ನು ಗೇಣು ಗೇಣಾಗಿ ಜಾರಿಸುತ್ತಿದ್ದಾಗ ಭಾವ ಪಕ್ಕದಲ್ಲಿ ನಿಂತು “ನಿಧಾನ”, “ನಿನ್ನ ಕಡೆ”, “ಬೆರಳು ನೋಡ್ಕೋ” ಎಂಬ ಮೂರೇ ಮಾತು ಆಡಿದರು. ಕಣ್ಣಿನ ಆಪರೇಷನ್ ಆದಮೇಲೆ ಆರು ತಿಂಗಳು ಏನನ್ನೂ ಎತ್ತಬಾರದೆಂದು ಡಾಕ್ಟರು ಹೇಳಿದ್ದರು. ಎತ್ತದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಒಮ್ಮೆ ಬೆನ್ನ ಹಿಂದೆ ಕಟ್ಟಿಕೊಂಡರು, ಒಮ್ಮೆ ಹಲಗೆಯ ಅಂಚನ್ನು ಸುಮ್ಮನೆ ಮುಟ್ಟಿದರು. ಮೂವತ್ತನಾಲ್ಕು ವರ್ಷ ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದು, ಇದರ ಮೂರರಷ್ಟು ದೊಡ್ಡ ಬ್ಲಾಕುಗಳನ್ನು ಸರಪಳಿಗೆ ಸಿಕ್ಕಿಸಿ ತೊಟ್ಟಿಲು ತೂಗಿದ ಹಾಗೆ ತೂಗಾಡಿಸಿದ ಮನುಷ್ಯ ಅವರು. ಆ ಕೈಗಳ ಕಡೆ ನೋಡದಿರಲೆಂದು ಅವನು ಹಲಗೆಯ ಮೇಲೇ ಕಣ್ಣಿಟ್ಟು ಇಳಿಸಿದ. ಸೊಂಟ ಹಿಡಿದುಕೊಂಡಿತು. ಹಿಡಿಯಲಿ ಎಂದುಕೊಂಡ. ಏಳು ವಾರಗಳಲ್ಲಿ ಅವನಿಗೆ ಸಿಕ್ಕ ಮೊದಲ ನೇರವಾದ ನೋವು ಅದು.

ಒಳಗೆ ಉದ್ದನೆಯ ಶೆಡ್ಡು. ಸೀಮೆಎಣ್ಣೆಯ, ಉಜ್ಜಿದ ಕಬ್ಬಿಣದ ವಾಸನೆ. ಎರಡು ಕಿಟಕಿಗಳಿಂದ ಬೆಳಗಿನ ಬಿಸಿಲು ನೆಲದ ಮೇಲಿನ ಲೋಹದ ಪುಡಿಯಲ್ಲಿ ಮಿಣಮಿಣ ಎನ್ನುತ್ತಿತ್ತು. ಆ ಜಾಗದ ಯಜಮಾನನನ್ನು ಎಲ್ಲರೂ ಹೊಲಿಗೆಯವನು ಎಂದು ಕರೆಯುತ್ತಿದ್ದರು. ಬಿರುಕು ಬಿಟ್ಟ ಎರಕಕ್ಕೆ ಬೆಂಕಿ ತಾಗಿಸದೆ, ಬಿರುಕಿನ ಉದ್ದಕ್ಕೂ ಸಣ್ಣ ಸಣ್ಣ ತೂತು ಕೊರೆದು, ಒಂದರ ಮಗ್ಗುಲಿಗೆ ಒಂದರಂತೆ ತಿರುಪು ಮೊಳೆ ಕೂರಿಸಿ, ತಟ್ಟಿ, ಉಜ್ಜಿ ಒಂದು ಮಾಡುತ್ತಿದ್ದ. ಭಾವ ಹೊಲಿಗೆಯವನಿಗಿಂತ ಹತ್ತು ವರ್ಷ ಹಿರಿಯರು. ಡಿಪೋದ ಕಾಲದಿಂದ ಪರಿಚಯ. “ಇವನು ನನ್ನ ಹೆಂಡತಿ ತಮ್ಮ” ಎಂದು ಭಾವ ತೋರಿಸಿದರು. “ಸರ್ಕಾರಿ ಪ್ರೆಸ್ಸಿನಲ್ಲಿ ಕರಡು ತಿದ್ದೋನು. ಇವನ ಕೈಗೆ ಸ್ಪಾನರ್ ಕೊಟ್ರೆ ಅದರ ಮೇಲಿರೋ ಅಕ್ಷರ ಸರಿಯಿದೆಯಾ ಅಂತ ಮೊದಲು ನೋಡ್ತಾನೆ. ನಾವು ಕಾಗುಣಿತ ಅಂತ ಕರೆಯೋದು.” ಈ ಮಾತನ್ನು ಭಾವ ಆರು ವರ್ಷಗಳಲ್ಲಿ ಎಷ್ಟು ಜನರಿಗೆ ಹೇಳಿದ್ದರೋ. ಪ್ರತಿ ಸಲವೂ ಕಡೆಯ ಪದಕ್ಕೆ ಬರುವಾಗ ಅವರ ಕೈ ಅವನ ಹೆಗಲ ಮೇಲೆ ಬೀಳುತ್ತಿತ್ತು. ಈಗಲೂ ಬಿತ್ತು. ಅವನು ನಕ್ಕ. ನಗುವುದು ಅಭ್ಯಾಸವಾಗಿತ್ತು.

ಆರು ವರ್ಷದ ಭಾನುವಾರಗಳು. ಮುಚ್ಚಿದ ನರ್ಸಿಂಗ್ ಹೋಮ್ ಒಂದರ ಹಿತ್ತಲಲ್ಲಿ, ಚಕ್ರವಿಲ್ಲದೆ ಇಟ್ಟಿಗೆಗಳ ಮೇಲೆ ಕೂತಿದ್ದ ದುಂಡು ಬೆನ್ನಿನ ಕರಿಯ ಕಾರನ್ನು ಭಾವ ಎಳೆಸಿಕೊಂಡು ಬಂದ ದಿನ ಅಕ್ಕ, “ಇದನ್ನ ಹೂಳೋಕೆ ಜಾಗ ಎಲ್ಲಿದೆ?” ಎಂದಿದ್ದಳು. ಅಂದಿನಿಂದ ಪ್ರತಿ ಭಾನುವಾರ ಅವನು ಎರಡು ಬಸ್ಸು ಬದಲಿಸಿ ಭಾವನ ಶೆಡ್ಡಿಗೆ ಹೋಗುತ್ತಿದ್ದ. ಅವನ ಮನೆಯಲ್ಲಿ ಯಾರೂ ಇರಲಿಲ್ಲ. ವಾರವಿಡೀ ಇನ್ನೊಬ್ಬರ ತಪ್ಪುಗಳನ್ನು ನೋಡಿ ನೋಡಿ ಕಣ್ಣು ಕೆಂಪಾಗಿ, ಭಾನುವಾರ ಮಾತ್ರ ಅವನು ತಪ್ಪು ಮಾಡುವ ಸರದಿಯವನು. ಹತ್ತರ ಸ್ಪಾನರ್ ಕೇಳಿದರೆ ಹನ್ನೆರಡರದು ಕೊಡುತ್ತಿದ್ದ. ಭಾವ ಒಮ್ಮೆಯೂ ರೇಗಲಿಲ್ಲ. ಆದರೆ ಆರು ವರ್ಷವೂ ಅವನು ಕೊಡುವವನಾಗಿಯೇ ಉಳಿದ, ಬಿಗಿಯುವವನಾಗಲಿಲ್ಲ. ಇಂಜಿನ್ ಮೊದಲ ಸಲ ಹತ್ತಿದ ದಿನವೂ ಭಾವನೇ ಸ್ಟಾರ್ಟರ್ ಒತ್ತಿದ್ದು. ಅವನು ಹೊರಗೆ ನಿಂತು ಹೊಗೆಯ ಬಣ್ಣ ಹೇಳುತ್ತಿದ್ದ.

ಹೊಲಿಗೆಯವನು ಸಿಲಿಂಡರುಗಳ ಒಳಗೆ ಸೀಮೆಎಣ್ಣೆ ಸವರಿದ, ಒರೆಸಿದ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ ಕಾದ. ಎರಡನೇ ಸಿಲಿಂಡರಿನ ಗೋಡೆಯಲ್ಲಿ, ಬಿಳಿಯ ಮೇಲೆ, ತೇವದ ಗೆರೆಯೊಂದು ತಾನಾಗಿ ಬರೆದುಕೊಂಡಿತು. ನಾಲ್ಕು ಬೆರಳುದ್ದ, ಕೆಳಗೆ ಬರುತ್ತ ಸ್ವಲ್ಪ ಎಡಕ್ಕೆ ವಾಲಿದ್ದು. ಅವನಿಗೆ ಅದು ಹೊಸದಾಗಿ ಕಾಣಲಿಲ್ಲ. ಏಳು ವಾರದ ಹಿಂದೆ, ಒಂದು ಬೆಳಿಗ್ಗೆ, ಅದರ ಸದ್ದು ಕೇಳಿದ್ದ. ಗಾಜಿನ ಲೋಟದಲ್ಲಿ ಬಿಸಿನೀರು ಹಾಕಿದಾಗ ಬರುವಂಥ, ಒಂದೇ ಒಂದು ಟಕ್. ಕಣ್ಣಿನ ಒಳಪರದೆ ಬಿಟ್ಟುಕೊಂಡಿದೆಯೆಂದು ಭಾವನನ್ನು ಆಸ್ಪತ್ರೆಗೆ ಸೇರಿಸಿ ಎರಡನೆಯ ದಿನ. ಶೆಡ್ಡು ಗುಡಿಸಿ ಬರುತ್ತೇನೆಂದು ಅಕ್ಕನಿಂದ ಬೀಗದಕೈ ಇಸಿದುಕೊಂಡು ಹೋಗಿದ್ದ. ಗುಡಿಸಿಯೂ ಗುಡಿಸಿದ್ದ. ಆಮೇಲೆ ಕಾರಿನೊಳಗೆ ಸುಮ್ಮನೆ ಕೂತ. ಕೂತಮೇಲೆ ಕಾಲು ಪೆಡಲಿಗೆ ಹೋಯಿತು, ಕೈ ಸ್ಟಾರ್ಟರಿಗೆ. ಹಿಡಿಯಲಾರದೆಂದೇ ಒತ್ತಿದ್ದು. ಅದು ಒಂದೇ ಉಸಿರಿಗೆ ಹಿಡಿದುಕೊಂಡಿತು. ಐವತ್ತನಾಲ್ಕು ವರ್ಷದ ಬದುಕಿನಲ್ಲಿ ತನ್ನ ಕೈಯಿಂದ ಒಂದು ವಸ್ತುವಿಗೆ ಜೀವ ಬಂದದ್ದು ಅದೇ ಮೊದಲು ಎನ್ನಿಸಿ, ಅವನು ಸೀಟಿಗೆ ತಲೆಯಾನಿಸಿ ಆ ಸದ್ದನ್ನು ಕೇಳುತ್ತ ಕುಳಿತುಬಿಟ್ಟ. ಎಷ್ಟು ಹೊತ್ತೆಂದು ಗೊತ್ತಿಲ್ಲ. ಸುಟ್ಟ ಬಣ್ಣದ ವಾಸನೆ ಮೂಗಿಗೆ ಬಡಿದಾಗ ಭಾವ ಆಸ್ಪತ್ರೆಗೆ ಹೊರಡುವ ಮುಂಚೆ ಹೇಳಿದ್ದು ನೆನಪಾಯಿತು: “ಹೋಸ್ ಬದಲಾಯಿಸಬೇಕು, ನೀರೆಲ್ಲ ಇಳಿಸಿದ್ದೀನಿ.” ಗಾಬರಿಯಲ್ಲಿ ಇಂಜಿನ್ ನಿಲ್ಲಿಸಿ, ನಲ್ಲಿಗೆ ಓಡಿ, ಬಕೆಟ್ಟು ತುಂಬಿ ತಂದು ಸುರಿದ. ಉಗಿ ಅವನ ಮುಖಕ್ಕೇ ಎದ್ದಿತು. ಉಗಿಯೊಳಗಿನಿಂದ ಟಕ್.

ಸುಮ್ಮನೆ ಕಾಯಬೇಕಿತ್ತು. ಅರ್ಧ ದಿನ ಬಿಟ್ಟಿದ್ದರೆ ಎರಕ ತಾನಾಗಿ ಆರುತ್ತಿತ್ತು. ಇದು ಅವನಿಗೆ ಆಮೇಲೆ ತಿಳಿದದ್ದು, ಅದೂ ಭಾವನ ಬಾಯಿಂದಲೇ, ಬೇರೆ ಯಾವುದೋ ಬಸ್ಸಿನ ಕಥೆಯ ನಡುವೆ.

“ಸಾರ್, ಇದು ಹಳೇ ಬಿರುಕು ಅಂದ್ರಲ್ಲ?” ಎಂದ ಹೊಲಿಗೆಯವನು, ಸೂಜಿಯ ಮೊನೆಯನ್ನು ಗೆರೆಯಲ್ಲಿ ಆಡಿಸುತ್ತ.

“ಹಳೇದೇ. ನಾನು ಬಿಚ್ಚಿದಾಗಲೇ ಇದ್ದಿರಬೇಕು. ಸುತ್ತಿಗೆಯಿಂದ ತಟ್ಟಿ ನೋಡಿದ್ದೆ. ಕಿವಿಗೂ ಗೊತ್ತಾಗ್ಲಿಲ್ಲ, ಕಣ್ಣಿಗೂ ಕಾಣ್ಲಿಲ್ಲ.”

“ಇಲ್ಲ ಸಾರ್. ಹಳೇದಾಗಿದ್ರೆ ಒಳಗೆ ಮಸಿ ಕೂತಿರೋದು. ಇದರ ಬಾಯಿ ಇನ್ನೂ ಬೆಳ್ಳಗಿದೆ. ಇಲ್ಲಿ ನೋಡಿ, ಹೊರಗೆ ನಿಮ್ಮ ಹಸಿರು ಬಣ್ಣ ಸುಟ್ಟು ಕಂದಾಗಿದೆ. ಯಾರೋ ನೀರಿಲ್ಲದೆ ಓಡಿಸಿ, ಆಮೇಲೆ ಕಾದ ಎರಕಕ್ಕೆ ತಣ್ಣೀರು ಹೊಯ್ದಿದ್ದಾರೆ. ನೀವು ತಟ್ಟಿ ನೋಡಿದಾಗ ಬಿರುಕು ಇರಲೇ ಇಲ್ಲ.”

ಭಾವ ಬ್ಲಾಕಿನ ಮೇಲೆ ಬಗ್ಗಿದರು, ಮೊದಲು ಬಲಗಣ್ಣಿನಿಂದ, ಆಮೇಲೆ ಮುಖ ತಿರುಗಿಸಿ ಎಡಗಣ್ಣಿನಿಂದ ನೋಡಿದರು, ಬೆರಳಿನಿಂದ ಸುಟ್ಟ ಬಣ್ಣ ಸವರಿದರು. “ಇರಲೇ ಇಲ್ಲ,” ಎಂದರು ಮೆಲ್ಲಗೆ. ಅವರ ಮುಖದ ಬಿಗಿ ಸಡಿಲಿದ್ದನ್ನು ಅವನು ಕಂಡ. ವಾರಗಟ್ಟಲೆ ಕಾಣದಿದ್ದ ಹಳೆಯ ಭಾವ ಅರೆಕ್ಷಣ ಅಲ್ಲಿ ನಿಂತಿದ್ದರು. ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದ. ಅಷ್ಟರಲ್ಲಿ ಆ ಮುಖ ಮತ್ತೆ ಮುಚ್ಚಿಕೊಂಡಿತು. ಭಾವ ಲೆಕ್ಕ ಹಾಕುತ್ತಿದ್ದರು. “ಬೀಗದಕೈ ಮನೇಲೇ ಇರತ್ತೆ. ಬೇರೆ ಯಾರೂ ಶೆಡ್ಡಿಗೆ ಹೋಗಿಲ್ಲ ಅಂತ ಮನೆಯವಳೂ ಹೇಳಿದ್ಲು. ಅಂದ್ರೆ ನಾನೇ ನೀರು ಹಾಕಿರಬೇಕು,” ಎಂದರು. ಆಮೇಲೆ ಹೊಲಿಗೆಯವನಿಗೆ, ಸಂಕೋಚದ ನಗೆಯೊಂದಿಗೆ, “ಆಪರೇಷನ್‌ಗೆ ಹೋಗೋ ಗಡಿಬಿಡೀಲಿ ಏನು ಮಾಡಿದ್ನೋ. ನೆನಪೇ ಇಲ್ಲ ನೋಡು. ಕೆಟ್ಟಿರೋದು ಕಣ್ಣು ಮಾತ್ರ ಅಂದ್ಕೊಂಡಿದ್ದೆ.”

ಹೊಲಿಗೆಯವನು ಚಿಂದಿಯಲ್ಲಿ ಕೈ ಒರೆಸಿಕೊಳ್ಳುತ್ತ ಒಮ್ಮೆ ಅವನ ಕಡೆ ನೋಡಿದ, ಅಷ್ಟೆ. ಆ ನೋಟ ಅವನಿಗೆ ಗೊತ್ತಿತ್ತು. ಪುಟದಲ್ಲಿ ತಪ್ಪು ಎಲ್ಲಿದೆಯೆಂದು ಕಂಡಮೇಲೆ, ಗುರುತು ಹಾಕುವ ಮುಂಚೆ, ಅವನು ತಾನೇ ದಿನಕ್ಕೆ ನೂರು ಸಲ ನೋಡುವ ನೋಟ ಅದು. ಹದಿನೈದು ದಿನ ಬೇಕು, ಮೊಳೆ ಕೂರಿಸಿ ಸಿಲಿಂಡರಿನ ಒಳಗೆ ಹೊಸ ಕೊಳವೆ ಹೊಡೆದು ಕೊಡುತ್ತೇನೆ, ಕಾರು ಓಡುತ್ತದೆ ಎಂದು ಹೊಲಿಗೆಯವನು ಹೇಳಿದ. ಭಾವ ಆಗಲಿ ಎಂದರು. ಹೇಗೆ, ಎಷ್ಟು ಮೊಳೆ, ಯಾವ ಅಳತೆ, ಒಂದನ್ನೂ ಕೇಳಲಿಲ್ಲ. ಡಾಕ್ಟರು ಹೇಳಿದ್ದಕ್ಕೆ ರೋಗಿ ಆಗಲಿ ಎಂದ ಹಾಗೆ.

ವ್ಯಾನು ಹೋಗಿತ್ತು. ಬಸ್ ನಿಲ್ದಾಣದ ತನಕ ನಡೆಯುವಾಗ ಭಾವ ಪ್ರತಿ ಮೆಟ್ಟಿಲಿನಲ್ಲೂ ಅರೆಗಳಿಗೆ ನಿಂತು ಕಾಲಿಡುತ್ತಿದ್ದರು. ಅವನು ಮೊಣಕೈ ಹಿಡಿಯಲೆಂದು ಕೈ ಚಾಚಿ, ಆ ಹಕ್ಕು ತನಗಿಲ್ಲವೆಂಬಂತೆ ಹಿಂದೆಗೆದ. ಭಾವ ಬರೆದಿದ್ದ ಕಾಗದದ ವಿಷಯ ಮತ್ತೆ ತಲೆಯಲ್ಲಿ ಸುತ್ತತೊಡಗಿತು. ನಿವೃತ್ತಿಯ ಮೇಲೆ ಭಾವ ವಾರಕ್ಕೆರಡು ದಿನ ತರಬೇತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಸದ್ದು ಕೇಳಿ ಇಂಜಿನ್ನಿನ ಕಾಯಿಲೆ ಹಿಡಿಯುವುದು ಹೇಗೆಂದು. ಆ ದಿನಗಳಂದು ಇಸ್ತ್ರಿಯ ಅಂಗಿ ಹಾಕುತ್ತಿದ್ದರು. ಆಸ್ಪತ್ರೆಯಿಂದ ಬಂದು ಮೂರು ವಾರ ಕಳೆದಮೇಲೆ ಹೋಸ್ ಬದಲಾಯಿಸಿ, ನೀರು ತುಂಬಿ, ಇಂಜಿನ್ ಓಡಿಸಿ, ಆಯಿಲ್ ಕಡ್ಡಿ ಎಳೆದು ನೋಡಿದರೆ ಅದರ ತುದಿಯಲ್ಲಿ ಹಾಲು ಬೆರೆಸಿದ ಚಹದ ಬಣ್ಣ. ಎಣ್ಣೆಗೆ ನೀರು ಸೇರಿತ್ತು. ಭಾವ ಆ ಕಡ್ಡಿ ಹಿಡಿದುಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು. ಮುಂದಿನ ವಾರ ಅವನಿಗೊಂದು ಹಾಳೆ ಕೊಟ್ಟು, “ತಪ್ಪಿದ್ರೆ ತಿದ್ದಿಕೊಡಪ್ಪ ಕಾಗುಣಿತ, ದೊಡ್ಡವರ ಕೈಗೆ ಹೋಗೋ ಕಾಗದ” ಎಂದರು. ತರಬೇತಿ ಶಾಲೆಯ ಮುಖ್ಯಸ್ಥರಿಗೆ ಬರೆದದ್ದು. ನಾನು ಪರೀಕ್ಷಿಸಿ ಸರಿಯಿದೆ ಎಂದ ಬ್ಲಾಕಿನಲ್ಲಿ ಬಿರುಕಿತ್ತು, ನನ್ನ ಧೃಷ್ಟಿ ಮತ್ತು ಕಿವಿ ಎರಡನ್ನೂ ಇನ್ನು ನಂಬುವಂತಿಲ್ಲ, ಗೊತ್ತಿಲ್ಲದ್ದನ್ನು ಕಲಿಸುವುದು ತಪ್ಪು, ಆದ್ದರಿಂದ ಬಿಡುಗಡೆ ಮಾಡಬೇಕು. ಅವನು ಜೇಬಿನಿಂದ ಕೆಂಪು ಪೆನ್ನು ತೆಗೆದ. ಧೃಷ್ಟಿಯ ಮಹಾಪ್ರಾಣ ತೆಗೆದು ದೃಷ್ಟಿ ಮಾಡಿದ. ಎರಡು ಕಡೆ ಅಲ್ಪವಿರಾಮ ಹಾಕಿದ. ಹಾಳೆ ಹಿಂದಕ್ಕೆ ಕೊಟ್ಟ. ಭಾವ ಚೊಕ್ಕವಾಗಿ ಪ್ರತಿ ಮಾಡಿ ಅಂಚೆಗೆ ಹಾಕಿದರು. ಈಗ ಆ ಜಾಗಕ್ಕೆ ಬೇರೊಬ್ಬರು ಬಂದಿದ್ದಾರೆ.

ಅಕ್ಕ ಬಾಯಿಬಿಟ್ಟದ್ದು ಕಾಗದ ಹೋದಮೇಲೆ. ಅಡುಗೆಮನೆಯ ಕಿಟಕಿಯ ಬಳಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಆ ಕಿಟಕಿಯಿಂದ ಶೆಡ್ಡಿನ ಬಾಗಿಲು ಕಾಣುತ್ತದೆಂದು ಅವನಿಗೆ ಅಷ್ಟು ವರ್ಷವೂ ತೋಚಿರಲಿಲ್ಲ. “ನೀನೇ ತಿದ್ದಿಕೊಟ್ಟೆಯಂತೆ,” ಎಂದಳು. ದಿಂಬಿನ ಚೀಲವೊಂದನ್ನು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದಳು. “ಆವತ್ತು ಉಗಿ ಏಳೋದನ್ನ ನಾನು ನೋಡಿದೆ ಕಣೋ. ನೀನು ಬಕೆಟ್ ಹಿಡ್ಕೊಂಡು ನಿಂತಿದ್ದೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಕಾದೆ. ಯಾರಾದ್ರೂ ಶೆಡ್ಡಿಗೆ ಹೋಗಿದ್ರಾ ಅಂತ ಅವರು ಕೇಳಿದಾಗ ಇಲ್ಲ ಅಂತ ಬಾಯಿಗೆ ಬಂದುಬಿಡ್ತು. ಮದುವೆಯಾಗಿ ಮೂವತ್ತೊಂದು ವರ್ಷ. ಅವರಿಗೆ ಒಂದು ಸುಳ್ಳೂ ಹೇಳಿರಲಿಲ್ಲ.” ಅವನು ಏನೋ ಹೇಳಹೊರಟಾಗ ಕೈಯಲ್ಲೇ ತಡೆದಳು. “ನೀನೇ ಹೇಳು. ಆದರೆ ನನ್ನ ಹೆಸರು ತರಬೇಡ. ನಾನೂ ನೋಡ್ಕೊಂಡು ಸುಮ್ಮನಿದ್ದೆ ಅಂತ ಗೊತ್ತಾದ್ರೆ ಆ ಮನುಷ್ಯನಿಗೆ ಈ ಮನೇಲಿ ಏನು ಉಳೀತು?” ಚಿಕ್ಕವನಾಗಿದ್ದಾಗ ಅವನು ಕಳೆದ ಶಾಲೆಯ ಪುಸ್ತಕವನ್ನು ತಾನು ಕಳೆದೆನೆಂದು ಹೇಳಿ ಬಯ್ಯಿಸಿಕೊಂಡವಳು ಅವಳೇ. ಆಗ ಅವನಿಗೆ ಒಳಗೊಳಗೇ ಖುಷಿಯಾಗಿತ್ತು. ಅದರ ನಾಚಿಕೆ ಬಂದದ್ದು ಈಗ, ಆ ಬಟ್ಟೆಗಳ ರಾಶಿಯ ಮುಂದೆ. ಅದಾದ ಮೇಲೂ ಮೂರು ಭಾನುವಾರ ಕಳೆದವು. ಪ್ರತಿ ಸಲವೂ ಭಾವ ಅಂದು ಸ್ವಲ್ಪ ಗೆಲುವಾಗಿದ್ದಂತೆಯೋ, ಸ್ವಲ್ಪ ಕುಗ್ಗಿದ್ದಂತೆಯೋ ಕಂಡು, ಇವತ್ತು ಬೇಡ ಎಂದುಕೊಂಡಿದ್ದ.

ನಿಲ್ದಾಣದ ಸಿಮೆಂಟು ಬೆಂಚಿನ ಮೇಲೆ ಇಬ್ಬರೂ ಕೂತರು. ಬೇರೆ ಯಾರೂ ಇರಲಿಲ್ಲ. ಭಾವ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಮೊಣಕಾಲ ಮೇಲಿಟ್ಟು, ಅದರ ಮೇಲೆ ಬಗ್ಗಿ ಏನೋ ಬರೆದರು. ಓದಬಾರದೆಂದುಕೊಂಡರೂ ಕಸುಬಿನ ಕಣ್ಣು ಓದಿಬಿಟ್ಟಿತು. ‘ಮರೆವಿನ ಬಗ್ಗೆ ಡಾಕ್ಟರನ್ನು ಕೇಳುವುದು.’

“ಭಾವ, ಆ ನೀರು ಹಾಕಿದ್ದು ನಾನು.”

ಭಾವ ಪೆನ್ನಿನ ಟೋಪಿ ಹಾಕುತ್ತಿದ್ದರು. “ಯಾವ ನೀರು?”

“ಬ್ಲಾಕಿಗೆ. ನೀವು ಆಸ್ಪತ್ರೇಲಿದ್ದಾಗ ಶೆಡ್ಡಿಗೆ ಹೋಗಿದ್ದೆ. ಸ್ಟಾರ್ಟ್ ಮಾಡ್ದೆ. ನೀರು ಇಳಿಸಿದ್ದೀನಿ ಅಂತ ನೀವು ಹೇಳಿದ್ದು ಮರೆತುಹೋಗಿತ್ತು. ಸುಟ್ಟ ವಾಸನೆ ಬಂದಾಗ ಬಕೆಟ್ ತಂದು ಸುರಿದೆ. ನೀವು ಏನೂ ಮರೆತಿಲ್ಲ ಭಾವ. ನಿಮ್ಮ ಕಣ್ಣು, ಕಿವಿ ಯಾವುದೂ ತಪ್ಪಿರಲಿಲ್ಲ.”

ಇದನ್ನು ಹೇಳಿದ ಮೇಲೆ ಏನಾಗುತ್ತದೆಂದು ಅವನು ಬಸ್ಸುಗಳಲ್ಲಿ, ಪ್ರೆಸ್ಸಿನ ಮೇಜಿನ ಮುಂದೆ ಎಷ್ಟೋ ಬಗೆಯಲ್ಲಿ ಕಲ್ಪಿಸಿಕೊಂಡಿದ್ದ. ಕೂಗಾಡುತ್ತಾರೆ, ಎದ್ದು ಹೋಗುತ್ತಾರೆ, ಹೆಗಲ ಮೇಲೆ ಕೈ ಹಾಕಿ ಹೋಗಲಿ ಬಿಡು ಎನ್ನುತ್ತಾರೆ. ಭಾವ ಒಂದನ್ನೂ ಮಾಡಲಿಲ್ಲ. ಪುಸ್ತಕವನ್ನು ಜೇಬಿಗೆ ಹಾಕಿಕೊಂಡು, ಎದುರಿನ ರಸ್ತೆಯನ್ನು ನೋಡುತ್ತ, “ಒಂದೇ ಸಲಕ್ಕೆ ಹಿಡೀತಾ?” ಎಂದರು.

“ಹೂಂ. ಒಂದೇ ಸಲಕ್ಕೆ.”

“ಸದ್ದು?”

“ಚೆನ್ನಾಗಿತ್ತು. ಸಮವಾಗಿತ್ತು.”

ಭಾವ ತಲೆಯಾಡಿಸಿದರು. ಅವರ ಇಂಜಿನ್ನು ಅದು, ಅಷ್ಟನ್ನಾದರೂ ತಿಳಿದುಕೊಳ್ಳಬೇಕಿತ್ತು. ಒಂದು ಬಸ್ಸು ಬಂತು, ಅವರದಲ್ಲ, ನಿಂತು ಹೋಯಿತು.

“ನಿನ್ನನ್ನ ಕೇಳಲೇ ಇಲ್ಲ ನಾನು,” ಎಂದರು ಭಾವ. “ಅವಳನ್ನ ಕೇಳಿದೆ. ಪಕ್ಕದ ಮನೆಯವರನ್ನೂ ಕೇಳಿದೆ. ನಿನ್ನ ಮೇಲೆ ಅನುಮಾನವೇ ಬರಲಿಲ್ಲ.”

“ತಪ್ಪಾಯ್ತು ಭಾವ.”

“ಬ್ಲಾಕ್ ಹೋದ್ರೆ ಹೋಯ್ತು. ಡಿಪೋದಲ್ಲಿ ನಾನೇ ಎರಡು ಸೀಳಿದ್ದೀನಿ. ಆವತ್ತೇ ಬಂದು ಹೇಳಿದ್ರೆ ನಗ್ತಿದ್ದೆ ನಾನು.” ಅವರ ದನಿ ಏರಲಿಲ್ಲ. “ಆ ಕಾಗದ ನೀನೇ ಓದಿದೆಯಲ್ಲ. ನಿನ್ನ ಕೈಯಲ್ಲೇ ಕೊಟ್ಟೆ. ನನ್ನ ಎದುರಿಗೇ ಕೂತು ಓದಿದೆ. ಪೂರ್ತಿ ಓದಿದೆಯಾ?”

“ಓದಿದೆ.”

“ಓದಿ, ಅಕ್ಷರ ತಿದ್ದಿಕೊಟ್ಟೆ.”

ಭಾವ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. ಒರೆಸಿ ಮುಗಿದರೂ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಕನ್ನಡಕವಿಲ್ಲದ ಆ ಮುಖ ಅಪರಿಚಿತವಾಗಿತ್ತು, ವಯಸ್ಸಾಗಿತ್ತು. ಹೇಳಿದ ಮೇಲೆ ಹಗುರಾಗುತ್ತೇನೆಂದು ಅವನು ನಂಬಿದ್ದ. ಹಾಗೆ ಏನೂ ಆಗಲಿಲ್ಲ. ಏಳು ವಾರ ತಾನೊಬ್ಬನೇ ನೋಡುತ್ತಿದ್ದುದನ್ನು ಈಗ ಇಬ್ಬರೂ ನೋಡುತ್ತ ಕೂತಿದ್ದರು, ಅಷ್ಟೆ.

“ನಿಮ್ಮಕ್ಕ ಆವತ್ತು ಮನೇಲಿದ್ದಳಾ?” ಎಂದರು ಭಾವ ಇದ್ದಕ್ಕಿದ್ದಂತೆ.

ಪ್ರಶ್ನೆ ಬರುತ್ತದೆಂದು ಅವನಿಗೆ ಗೊತ್ತಿತ್ತು. ಇಷ್ಟು ಮೆಲ್ಲಗೆ, ಬೇಡುವವರ ದನಿಯಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ.

“ಇಲ್ಲ ಭಾವ,” ಎಂದ. “ಅಕ್ಕ ಆಸ್ಪತ್ರೆಗೆ ನಿಮ್ಮ ಹತ್ರ ಹೊರಟಾಗಿತ್ತು. ಅವಳು ಹೋದಮೇಲೇ ನಾನು ಸ್ಟಾರ್ಟ್ ಮಾಡಿದ್ದು. ಅವಳಿಗೇನೂ ಗೊತ್ತಿಲ್ಲ.”

ಅವರು ಕಾಯುತ್ತಿದ್ದ ಬಸ್ಸು ತಿರುವಿನಲ್ಲಿ ಕಾಣಿಸಿತು. ಭಾವ ಕನ್ನಡಕ ಹಾಕಿಕೊಂಡು ಎದ್ದರು. “ಎರಡು ದಿನ ಬೋರಲೇ ಮಲಗಿಸಿದ್ರು ನನ್ನ,” ಎಂದರು. “ನೆಲ ಬಿಟ್ರೆ ಏನೂ ಕಾಣ್ತಿರಲಿಲ್ಲ. ಅವಳು ಎಷ್ಟು ಹೊತ್ತಿಗೆ ಬಂದಳೋ ಏನೋ. ನೀನು ಹೇಳಿದ ಹಾಗೇ ಇರ್ಲಿ.”

ಬಸ್ಸಿನಲ್ಲಿ ಒಂದೇ ಸೀಟಿನಲ್ಲಿ ಕೂತರು. ಭಾವ ಕಿಟಕಿಯ ಕಡೆ. ತರಬೇತಿ ಶಾಲೆಯ ಮುಖ್ಯಸ್ಥರನ್ನು ತಾನೇ ಕಂಡು ನಡೆದದ್ದನ್ನೆಲ್ಲ ಹೇಳುತ್ತೇನೆಂದು ಅವನು ಹೇಳಿದ. ಬೇಡ, ಬಂದಿರುವವನು ಒಳ್ಳೆಯವನಂತೆ, ಅವನನ್ನು ಎಬ್ಬಿಸುವುದು ಸರಿಯಲ್ಲ ಎಂದರು ಭಾವ. ಇಳಿದಮೇಲೆ ಬೀದಿಯಲ್ಲಿ ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು, ಎಲ್ಲೂ ಅನುಮಾನಿಸದೆ, ಕಲ್ಲುಚಪ್ಪಡಿಯ ಅಂಚುಗಳನ್ನು ದಾಟಿಕೊಂಡು, ಡಿಪೋಗೆ ಹೋಗುತ್ತಿದ್ದ ಕಾಲದ ನಡಿಗೆಯಲ್ಲಿ. ತಾನು ಕಿತ್ತುಕೊಂಡದ್ದರಲ್ಲಿ ಇಷ್ಟು ಹಿಂದಿರುಗಿತು ಎಂದು ಅವನು ಅದನ್ನೇ ನೋಡುತ್ತ ಹಿಂಬಾಲಿಸಿದ. ಗೇಟಿನ ಬಳಿ ಭಾವ ತಿರುಗಿ ನಿಂತರು.

“ಈ ಭಾನುವಾರ ಬರಬೇಡ,” ಎಂದರು.

“ಮುಂದಿನ ವಾರ ಬರಲಾ?”

“ಹೇಳಿ ಕಳಿಸ್ತೀನಿ.”

ಬಾಗಿಲು ತೆರೆದು ಅಕ್ಕ ಹೊರಬಂದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಮೊದಲು ಗಂಡನ ಮುಖ ನೋಡಿದಳು, ಆಮೇಲೆ ತಮ್ಮನ ಮುಖ. ಹೇಳಿದ್ದಾಯಿತೆಂದು ಅವಳಿಗೆ ತಿಳಿಯಿತು. ಎಷ್ಟು ಹೇಳಿದ್ದೆಂದು ತಿಳಿಯದೆ ಅವಳ ಕೈ ಸೆರಗಿನಲ್ಲೇ ನಿಂತಿತು.

“ಇಬ್ಬರೂ ಬನ್ನಿ, ಊಟಕ್ಕೆ ಹಾಕ್ತೀನಿ,” ಎಂದಳು.

“ಅವನು ಬರಲ್ವಂತೆ,” ಎಂದರು ಭಾವ, ಚಪ್ಪಲಿ ಬಿಡುತ್ತ, ತಲೆಯೆತ್ತದೆ. “ಪ್ರೆಸ್ಸಿನಲ್ಲಿ ಅರ್ಜೆಂಟ್ ಕೆಲಸ ಇದೆಯಂತೆ.”

ದಿನವಿಡೀ ರಜ ಹಾಕಿದ್ದೇನೆಂದು ಬೆಳಿಗ್ಗೆ ಅವನೇ ಅಕ್ಕನಿಗೆ ಹೇಳಿದ್ದ, ಭಾವನ ಎದುರಿಗೇ. ಅಕ್ಕ ಅವನನ್ನು ನೋಡಿದಳು. ಅವನು ಗೇಟಿನ ಸರಳು ಹಿಡಿದುಕೊಂಡಿದ್ದ.

“ಹೌದಕ್ಕ,” ಎಂದ. “ಹೋಗಲೇಬೇಕು.”